ಡಬ್ಲಿನ್ ತೀರ್ಪು ಮತ್ತು ನಮ್ಮ ‘ಎನ್ನಲಾಗಿದೆ’

ವಿಜಯಪುರದ ಗಾಂಧಿ ಚೌಕದ ಹತ್ತಿರದ ಚಹಾದಂಗಡಿಯಲ್ಲಿ ಬೆಳಿಗ್ಗೆ ಪೇಪರ್ ಓದಲು ಸೇರುವ ನಮ್ಮ ನಾಲ್ಕೈದು ಜನರ ನಡುವೆ ಐರ್ಲೆಂಡಿನ ಸುದ್ದಿ ಚರ್ಚೆಗೆ ಬರುವುದು ತೀರ ಅಪರೂಪ. ಆದರೆ ಗೆರಿ ಆಡಮ್ಸ್ ಎಂಬ ರಾಜಕಾರಣಿ ಬಿಬಿಸಿಯ ವಿರುದ್ಧ ಮಾನನಷ್ಟ ಮೊಕದ್ದಮೆ ಗೆದ್ದ ಸುದ್ದಿ ಬಂದ ವಾರ ಅದೂ ಬಂತು. ಸಾರಿಗೆ ಸಂಸ್ಥೆಯಲ್ಲಿ ಕಂಡಕ್ಟರ್ ಆಗಿ ನಿವೃತ್ತರಾದ ಹಿರಿಯರೊಬ್ಬರು ಪೇಪರ್ ಮಡಚಿ, “ನೋಡ್ರಿ ಸರ, ಬಿಬಿಸಿಯವರನ್ನೂ ಬಿಡಲಿಲ್ಲ. ನಮ್ಮ ಚಾನೆಲ್‌ನವರಿಗೂ ಒಮ್ಮೆ ಹಿಂಗ ಬೀಳಬೇಕ್ರಿ” ಎಂದರು. ಎದುರಿಗಿದ್ದ ವಕೀಲರು, “ನಾಳೆ ನಮ್ಮ ಶಾಸಕರು ಚಾನೆಲ್ ಮ್ಯಾಲೆ ಕೇಸ್ ಹಾಕಿ ಗೆದ್ರ ಆವಾಗ ಏನಂತೀರಿ, ಕಾಕಾ?” ಎಂದು ಕೇಳಿದರು. “ಏ, ಅದು ಬ್ಯಾರೆ ಬಿಡ್ರಿ” ಎಂಬ ಉತ್ತರ ತಕ್ಷಣ ಬಂತು.

ಆ ‘ಅದು ಬ್ಯಾರೆ’ ಎಂಬುದರ ಕುರಿತೇ ಈ ಬರಹ. ಏಕೆಂದರೆ ಬ್ರಿಟನ್ನಿನ ಆಡಳಿತದಲ್ಲಿರುವ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ಮತ್ತು ಸ್ವತಂತ್ರ ಐರ್ಲೆಂಡ್ ಗಣರಾಜ್ಯದ ರಾಜಧಾನಿ ಡಬ್ಲಿನ್ನಿನ ಜನ ಈ ತೀರ್ಪಿಗೆ ಪ್ರತಿಕ್ರಿಯಿಸಿದ ರೀತಿಯನ್ನು ಓದುತ್ತ ಹೋದಂತೆ ಅವರೂ ಬಹುತೇಕ ಇದನ್ನೇ ಹೇಳುತ್ತಿದ್ದಾರೆ ಎಂದು ನನಗನಿಸಿತು.

ಪ್ರಕರಣದ ಹಿನ್ನೆಲೆ ಹೀಗಿದೆ. ಡೆನಿಸ್ ಡೊನಾಲ್ಡ್‌ಸನ್ ಎಂಬವರು ಆಡಮ್ಸ್ ಬಹುಕಾಲ ಮುನ್ನಡೆಸಿದ, ಉತ್ತರ ಐರ್ಲೆಂಡನ್ನು ಬ್ರಿಟನ್ನಿನಿಂದ ಬಿಡಿಸಿ ಗಣರಾಜ್ಯಕ್ಕೆ ಸೇರಿಸಬೇಕೆನ್ನುವ ಶಿನ್ ಫೇನ್ ಪಕ್ಷದ ಹಳೆಯ ಕಾರ್ಯಕರ್ತರು. ತಾನು ಇಪ್ಪತ್ತು ವರ್ಷ ಬ್ರಿಟಿಷರಿಗೆ ಗುಟ್ಟಾಗಿ ಮಾಹಿತಿ ಕೊಡುತ್ತಿದ್ದೆ ಎಂದು 2005ರ ಡಿಸೆಂಬರ್‌ನಲ್ಲಿ ಅವರೇ ಒಪ್ಪಿಕೊಂಡರು. ಕೆಲವೇ ತಿಂಗಳಲ್ಲಿ, 2006ರ ಏಪ್ರಿಲ್‌ನಲ್ಲಿ, ಡೊನೆಗಾಲ್ ಪ್ರದೇಶದ ಒಂಟಿ ಮನೆಯೊಂದರಲ್ಲಿ ಅವರನ್ನು ಗುಂಡಿಟ್ಟು ಕೊಲ್ಲಲಾಯಿತು. ಮೂರು ವರ್ಷಗಳ ಬಳಿಕ, ಅದೇ ಗುರಿಗಾಗಿ ಬಂದೂಕು ಹಿಡಿದಿದ್ದ ಐಆರ್‌ಎ ಸಂಘಟನೆಯಿಂದ ಸಿಡಿದ ‘ರಿಯಲ್ ಐಆರ್‌ಎ’ ಎಂಬ ಒಡಕು ಗುಂಪು ಕೊಲೆಯ ಹೊಣೆ ಹೊತ್ತುಕೊಂಡಿತು. 2016ರ ಸೆಪ್ಟೆಂಬರ್‌ನಲ್ಲಿ ಉತ್ತರ ಐರ್ಲೆಂಡಿನ ಬಿಬಿಸಿ ತನ್ನ ‘ಸ್ಪಾಟ್‌ಲೈಟ್’ ಕಾರ್ಯಕ್ರಮದಲ್ಲಿ ಬೇರೊಂದು ಮಾತನ್ನು ಪ್ರಸಾರ ಮಾಡಿತು. ಮುಖ ಮರೆಸಿ, ‘ಮಾರ್ಟಿನ್’ ಎಂಬ ಸುಳ್ಳು ಹೆಸರಿನಲ್ಲಿ ಮಾತನಾಡಿದ ವ್ಯಕ್ತಿಯೊಬ್ಬ, ಆ ಕೊಲೆಗೆ ಆಡಮ್ಸ್ ಒಪ್ಪಿಗೆ ಕೊಟ್ಟಿದ್ದರು ಎಂಬ ಅರ್ಥ ಬರುವಂತೆ ಹೇಳಿದ. ಹೀಗೆ ಹೇಳಿದವನೂ ಬ್ರಿಟಿಷರಿಗೆ ಮಾಹಿತಿ ಕೊಡುತ್ತಿದ್ದವನೇ. ಆಡಮ್ಸ್ ಇದನ್ನು ನಿರಾಕರಿಸಿದ್ದಾರೆ ಎಂಬುದನ್ನೂ ಕಾರ್ಯಕ್ರಮ ತಿಳಿಸಿತ್ತು.

ಆಡಮ್ಸ್ ಡಬ್ಲಿನ್ ಹೈಕೋರ್ಟಿಗೆ ಹೋದರು. ವಾರಗಟ್ಟಲೆ ವಿಚಾರಣೆ ನಡೆದು, 2025ರ ಮೇ 30ರಂದು ಸಾಮಾನ್ಯ ನಾಗರಿಕರನ್ನು ಆರಿಸಿ ಕೂರಿಸಿದ ಜ್ಯೂರಿ ಅವರ ಪರವಾಗಿ ತೀರ್ಪು ಕೊಟ್ಟಿತು. ಆ ಮಾತುಗಳಿಗೆ ಆಡಮ್ಸ್ ಕೊಲೆಗೆ ಸಮ್ಮತಿಸಿದ್ದರು ಎಂಬ ಅರ್ಥವಿದೆ, ಬಿಬಿಸಿ ಸದ್ಭಾವನೆಯಿಂದ ಪ್ರಕಟಿಸಲಿಲ್ಲ, ಪ್ರಕಟಿಸಿದ ರೀತಿ ನ್ಯಾಯಸಮ್ಮತವಾಗಿರಲಿಲ್ಲ ಎಂದು ಜ್ಯೂರಿ ತೀರ್ಮಾನಿಸಿತು. ಪರಿಹಾರ ಒಂದು ಲಕ್ಷ ಯೂರೊ, ನಮ್ಮ ಲೆಕ್ಕದಲ್ಲಿ ಒಂದು ಕೋಟಿ ರೂಪಾಯಿಯ ಆಸುಪಾಸು. ವಕೀಲರ ಖರ್ಚು ಇದರ ಎಷ್ಟೋ ಪಟ್ಟು. ಐರ್ಲೆಂಡ್ ಗಣರಾಜ್ಯದಲ್ಲಿ ಆ ಕಾರ್ಯಕ್ರಮವನ್ನು ನೋಡಿದವರು ಸುಮಾರು 16 ಸಾವಿರ ಜನ ಎಂಬ ಅಂದಾಜು ನ್ಯಾಯಾಲಯದಲ್ಲಿ ಬಂದಿತ್ತು. ನಮ್ಮ ಗೋಳಗುಮ್ಮಟಕ್ಕೆ ಒಂದು ರಜೆಯ ದಿನ ಬರುವ ಜನರನ್ನು ನೋಡಿದವರಿಗೆ ಇದೇನು ದೊಡ್ಡ ಸಂಖ್ಯೆ ಎನಿಸಲಿಕ್ಕಿಲ್ಲ.

ನ್ಯಾಯಾಲಯದ ಹೊರಗೆ ಬಂದ ಆಡಮ್ಸ್, ಬಿಬಿಸಿಗೆ ಮರ್ಯಾದೆ ಕಲಿಸಲೆಂದೇ ಈ ಕೇಸು ಹಾಕಿದೆ ಎಂಬರ್ಥದ ಮಾತಾಡಿದರು. ಅವರ ಅಭಿಮಾನಿಗಳಿಗೆ ಅಷ್ಟೇ ಸಾಕಾಯಿತು. ಇದರ ಹಿಂದೆ ಹಳೆಯ ನೋವೊಂದಿದೆ, ಅದನ್ನು ನಾವು ಅರ್ಥ ಮಾಡಿಕೊಳ್ಳಬೇಕು. 1988ರಿಂದ 1994ರವರೆಗೆ ಬ್ರಿಟಿಷ್ ಸರ್ಕಾರ ಶಿನ್ ಫೇನ್ ಮುಖಂಡರ ಧ್ವನಿಯನ್ನು ರೇಡಿಯೊ, ಟಿ.ವಿ.ಗಳಲ್ಲಿ ಪ್ರಸಾರ ಮಾಡುವುದನ್ನು ನಿಷೇಧಿಸಿತ್ತು. ಹಾಗಾಗಿ ಪರದೆಯ ಮೇಲೆ ಆಡಮ್ಸ್ ತುಟಿ ಅಲ್ಲಾಡುತ್ತಿತ್ತು, ಕೇಳಿಸುತ್ತಿದ್ದುದು ಬಾಡಿಗೆಗೆ ಕರೆತಂದ ನಟನೊಬ್ಬನ ಧ್ವನಿ. ಆರು ವರ್ಷ ತಮ್ಮ ನಾಯಕನನ್ನು ಪರರ ಗಂಟಲಿನಲ್ಲಿ ಕೇಳಿದ ಜನಕ್ಕೆ ಅದೇ ಬಿಬಿಸಿ ಸೋತಾಗ ಖುಷಿಯಾಗುವುದು ಸಹಜ.

ಇನ್ನೊಂದು ಕಡೆಯವರ ಸಿಟ್ಟೂ ಅಷ್ಟೇ ಸಹಜವಾದದ್ದು. ತಾನು ಐಆರ್‌ಎಯ ಸದಸ್ಯನೇ ಆಗಿರಲಿಲ್ಲ ಎಂದು ಆಡಮ್ಸ್ ಇಂದಿಗೂ ಹೇಳುತ್ತಾರೆ. ಐಆರ್‌ಎಯ ಬಾಂಬು, ಗುಂಡುಗಳಿಗೆ ಮನೆಯವರನ್ನು ಕಳೆದುಕೊಂಡ ಅನೇಕರು ಆ ಮಾತನ್ನು ಕೇಳಿ ಹಲ್ಲು ಕಚ್ಚುತ್ತಾರೆ. ಇಂಥ ಮನುಷ್ಯನಿಗೆ ನಷ್ಟವಾಗಲು ಮಾನವಾದರೂ ಎಲ್ಲಿದೆ ಎಂಬುದು ಅವರ ವಾದ, ಬಿಬಿಸಿಯ ವಕೀಲರೂ ಹೆಚ್ಚುಕಡಿಮೆ ಇದನ್ನೇ ವಾದಿಸಿದರು. ಈ ಪ್ರಕರಣವನ್ನೇ ಗೆಲ್ಲಲಾಗದಿದ್ದರೆ ಐರ್ಲೆಂಡಿನ ಕಾನೂನಿನಡಿ ಇನ್ನಾರು ಗೆಲ್ಲಲು ಸಾಧ್ಯ ಎಂದು ಬಿಬಿಸಿಯ ಹಿರಿಯ ಅಧಿಕಾರಿ ಬೇಸರಪಟ್ಟುಕೊಂಡರು. ಪತ್ರಕರ್ತರ ಸಂಘಟನೆಯವರು ಮಾನನಷ್ಟ ಕಾನೂನೇ ಬದಲಾಗಬೇಕೆಂದರು. ಇಂಥ ಪ್ರಕರಣಗಳಿಂದ ಜ್ಯೂರಿಯನ್ನು ಕೈಬಿಡುವ ಮಸೂದೆ ಆ ಹೊತ್ತಿಗಾಗಲೇ ಅಲ್ಲಿನ ಸಂಸತ್ತಿನ ಮುಂದಿತ್ತು.

ಈ ಎರಡೂ ಕಡೆಯವರ ಪ್ರತಿಕ್ರಿಯೆಯಲ್ಲಿ ನನಗೆ ಕಂಡ ಕೊರತೆ ಒಂದೇ. ಆಡಮ್ಸ್ ಒಳ್ಳೆಯವರೋ ಕೆಟ್ಟವರೋ ಎಂಬುದನ್ನು ಎಲ್ಲರೂ ಮಾತಾಡಿದರು, ಕಾರ್ಯಕ್ರಮದಲ್ಲಿ ಆಡಿದ ಮಾತಿಗೆ ಆಧಾರವೆಷ್ಟಿತ್ತು ಎಂಬುದನ್ನು ಕೆಲವರಷ್ಟೇ ಮಾತಾಡಿದರು. ಬಿಬಿಸಿ ಆ ಆರೋಪ ಸತ್ಯವೆಂದು ನ್ಯಾಯಾಲಯದಲ್ಲಿ ವಾದಿಸಲೇ ಇಲ್ಲ ಎಂಬುದನ್ನು ಗಮನಿಸಬೇಕು. ಸಾರ್ವಜನಿಕ ಹಿತದ ವಿಷಯವನ್ನು ಆರೋಪವೆಂದೇ ಹೇಳಿ, ಸದ್ಭಾವನೆಯಿಂದ ಪ್ರಕಟಿಸಿದೆವು ಎಂಬುದು ಅದರ ಸಮರ್ಥನೆಯಾಗಿತ್ತು. ಇನ್ನೂ ಐದು ಮೂಲಗಳಿಂದ ಖಚಿತಪಡಿಸಿಕೊಂಡಿದ್ದೆ ಎಂದು ವರದಿಗಾರ್ತಿ ಸಾಕ್ಷ್ಯ ನುಡಿದರು. ಆದರೆ ಆ ಐವರಾಗಲಿ, ಮಾರ್ಟಿನ್ ಆಗಲಿ ಜ್ಯೂರಿಯ ಕಣ್ಣಮುಂದೆ ಬರಲಿಲ್ಲ, ಬರುವಂತೆಯೂ ಇರಲಿಲ್ಲ. ಒಬ್ಬ ಮನುಷ್ಯ ಕೊಲೆ ಮಾಡಿಸಿದ ಎಂಬ ಮಾತನ್ನು ಹೊರಲು ಇಷ್ಟು ತೆಳ್ಳನೆಯ ತೊಲೆ ಸಾಲದು ಎಂದು ಜ್ಯೂರಿಗೆ ಅನಿಸಿದ್ದರೆ ನಾನು ಅವರನ್ನು ದೂರುವುದಿಲ್ಲ.

ದೂರದಿರಲು ನನಗೆ ಸ್ವಂತದ ಕಾರಣವಿದೆ. ನಾನು ಹಲವು ವರ್ಷ ಒಂದು ಸ್ಥಳೀಯ ಪತ್ರಿಕೆಗೆ ತಾಲೂಕಿನ ಸುದ್ದಿ ಕಳಿಸುತ್ತಿದ್ದೆ. ಒಮ್ಮೆ ಗ್ರಾಮ ಪಂಚಾಯಿತಿ ಸದಸ್ಯರೊಬ್ಬರು ರೇಷನ್ ಸೀಮೆಎಣ್ಣೆಯನ್ನು ಕಾಳಸಂತೆಗೆ ಮಾರಿದ್ದಾರೆ ಎಂದು ಬರೆದೆ. ಬಸ್ ನಿಲ್ದಾಣದ ಹೋಟೆಲಿನಲ್ಲಿ ನನ್ನೆದುರು ಕುಳಿತು ಗಿರ್ಮಿಟ್ ತಿನ್ನುತ್ತಿದ್ದ ಒಬ್ಬನೇ ಒಬ್ಬನ ಮಾತು ನನಗಿದ್ದ ಆಧಾರ. ಅವನು ಚುನಾವಣೆಯಲ್ಲಿ ಆ ಸದಸ್ಯರ ಎದುರು ಸೋತವನ ಭಾವಮೈದುನ ಎಂಬುದು ಆಮೇಲೆ ಗೊತ್ತಾಯಿತು. ವರದಿಯ ಪ್ರತಿ ವಾಕ್ಯದ ಕೊನೆಗೂ ನಾನು ‘ಎನ್ನಲಾಗಿದೆ’ ಎಂದು ಹಚ್ಚಿದ್ದೆ. ‘ಮಾರಿದ್ದಾರೆ ಎನ್ನಲಾಗಿದೆ’, ‘ಹಣ ಹಂಚಿಕೊಂಡಿದ್ದಾರೆ ಎನ್ನಲಾಗಿದೆ’. ಮಳೆಗೆ ಹಿಡಿದ ಕೊಡೆಯಂತೆ ಆ ಪದ ನನ್ನನ್ನು ಕಾಯುತ್ತದೆ ಎಂದು ನಾನು ನಂಬಿದ್ದೆ, ಡೆಸ್ಕಿನವರೂ ನಂಬಿದ್ದರು.

ವಾರದ ಮೇಲೆ ಆ ಪಂಚಾಯಿತಿ ಸದಸ್ಯರು ನನ್ನನ್ನು ಹುಡುಕಿಕೊಂಡು ಬಂದರು. ಜಗಳಕ್ಕೆ ಬಂದಿರಲಿಲ್ಲ. ಅಂಗಿಯ ಜೇಬಿನಿಂದ ಪುಟ್ಟ ಪಾಕೆಟ್ ಡೈರಿ ತೆಗೆದು, ಅದರೊಳಗೆ ನಾಲ್ಕಾಗಿ ಮಡಚಿಟ್ಟಿದ್ದ ನನ್ನ ವರದಿಯ ತುಣುಕನ್ನು ಮೇಜಿನ ಮೇಲೆ ಬಿಡಿಸಿದರು. ಮಡಿಕೆಯ ಗೆರೆ ಆಗಲೇ ಸವೆದು ಕಾಗದ ಹರಿಯುವಂತಾಗಿತ್ತು. ವಾರದಲ್ಲಿ ಅದನ್ನು ಎಷ್ಟು ಜನರಿಗೆ ಬಿಡಿಸಿ ತೋರಿಸಿದ್ದರೋ! “ಎನ್ನಲಾಗಿದೆ ಅಂತ ಬರದೀರಿ. ಅಂದವ್ರು ಯಾರು, ಸರ? ಅವರ ಹೆಸರ ಯಾಕ ಬರೀಲಿಲ್ಲ, ನನ್ನ ಹೆಸರ ಯಾಕ ಬರದ್ರಿ?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಮೊದಲ ಪುಟದ ವರದಿಗೆ ಐದನೆಯ ಪುಟದಲ್ಲಿ ಮೂರು ಸಾಲಿನ ವಿಷಾದ ಪ್ರಕಟವಾಯಿತು. ಅವರು ಕೋರ್ಟಿಗೆ ಹೋಗಲಿಲ್ಲ. ವಕೀಲರ ಫೀಸು, ಕೇಳುವ ಪರಿಹಾರಕ್ಕೆ ತಕ್ಕಂತೆ ಕಟ್ಟಬೇಕಾದ ಕೋರ್ಟ್ ಫೀ, ವರ್ಷಗಟ್ಟಲೆ ತಾರೀಖಿಗೆ ಅಲೆದಾಟ, ಇವನ್ನೆಲ್ಲ ಎರಡೆಕರೆ ಒಣಬೇಸಾಯದವರು ಹೊರುವುದು ಹೇಗೆ? ಪ್ರಕಟವಾದ ಒಂದು ವರ್ಷದೊಳಗೆ ದಾವೆ ಹೂಡಬೇಕೆಂಬ ಕಾಲಮಿತಿಯೂ ಅವರಿಗೆ ಗೊತ್ತಿರಲಿಕ್ಕಿಲ್ಲ.

ಇದನ್ನು ನೆನೆದಾಗಲೆಲ್ಲ, ಯಾರೋ ಹೇಳಿದ್ದನ್ನು ನಾವು ದಾಟಿಸಿದೆವಷ್ಟೆ ಎಂಬ ಸಮರ್ಥನೆ ಎಷ್ಟು ಬಡವಾದದ್ದು ಎಂಬುದು ನನಗೆ ಮನದಟ್ಟಾಗುತ್ತದೆ. ನಮ್ಮ ನೆರೆಯ ಪುಣೆಯಲ್ಲಿ ಇದರ ಇನ್ನೊಂದು ತುದಿಯನ್ನೂ ಕಂಡಿದ್ದೇವೆ. 2008ರಲ್ಲಿ ಟೈಮ್ಸ್ ನೌ ವಾಹಿನಿ ಭವಿಷ್ಯನಿಧಿ ಹಗರಣದ ಸುದ್ದಿಯಲ್ಲಿ ಬೇರೊಬ್ಬ ನ್ಯಾಯಾಧೀಶರ ಬದಲು ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪಿ.ಬಿ. ಸಾವಂತ್ ಅವರ ಭಾವಚಿತ್ರವನ್ನು ಹದಿನೈದು ಸೆಕೆಂಡು ತೋರಿಸಿತು. ಪುಣೆಯ ನ್ಯಾಯಾಲಯ 2011ರಲ್ಲಿ ನೂರು ಕೋಟಿ ರೂಪಾಯಿ ಪರಿಹಾರಕ್ಕೆ ಆದೇಶಿಸಿತು. ಮೇಲ್ಮನವಿ ಕೇಳಬೇಕಾದರೆ 20 ಕೋಟಿ ಠೇವಣಿ, 80 ಕೋಟಿಗೆ ಬ್ಯಾಂಕ್ ಖಾತರಿ ಇಡಿ ಎಂದು ಬಾಂಬೆ ಹೈಕೋರ್ಟ್ ಹೇಳಿತು, ಸುಪ್ರೀಂ ಕೋರ್ಟ್ ಅದರಲ್ಲಿ ಕೈಹಾಕಲಿಲ್ಲ. ತಪ್ಪು ವಾಹಿನಿಯದ್ದೇ, ಅನುಮಾನವಿಲ್ಲ. ಆದರೆ ಅಷ್ಟು ಮೊತ್ತ ಸಿಂದಗಿಯ ಅಥವಾ ಮುದ್ದೇಬಿಹಾಳದ ವಾರಪತ್ರಿಕೆಯೊಂದರ ಮೇಲೆ ಬಿದ್ದರೆ ಅದರ ಮುದ್ರಣಯಂತ್ರ, ಸಂಪಾದಕನ ಮನೆ, ಹೆಂಡತಿಯ ತಾಳಿ ಎಲ್ಲ ಸೇರಿಸಿದರೂ ಬಡ್ಡಿಗೂ ಸಾಲದು. ಡಬ್ಲಿನ್ನಿನ ಪರಿಹಾರ ಅಷ್ಟು ದೊಡ್ಡದಲ್ಲ, ಆದರೆ ಅಲ್ಲಿನ ವಕೀಲರ ಖರ್ಚನ್ನು ಬಿಬಿಸಿ ತಾಳಿಕೊಂಡಂತೆ ಸಣ್ಣ ಪತ್ರಿಕೆ ತಾಳಿಕೊಳ್ಳಲಾರದು. ಹೀಗಾಗಿ ಜ್ಯೂರಿಯ ನಿರ್ಣಯವನ್ನು ಒಪ್ಪಿದರೂ ನನಗೆ ಕುಣಿದಾಡಬೇಕು ಎನಿಸಲಿಲ್ಲ.

ಕಾಕಾ ಬಯಸಿದಂತೆ ನಮ್ಮ ರಾಜಕಾರಣಿಗಳು ಕೋರ್ಟಿಗೆ ಹೋಗುವುದಿಲ್ಲವೆಂದೇನಿಲ್ಲ. ಆದರೆ ಹೆಚ್ಚಿನವರಿಗೆ ಒಂಬತ್ತು ವರ್ಷ ಕಾದು, ಸಾಕ್ಷಿಕಟ್ಟೆ ಹತ್ತಿ, ಎದುರು ವಕೀಲರ ಪ್ರಶ್ನೆಗಳಿಗೆ ದಿನಗಟ್ಟಲೆ ಉತ್ತರಿಸಿ ಗೆಲ್ಲುವ ವ್ಯವಧಾನವಿಲ್ಲ. 2021ರ ಮಾರ್ಚ್‌ನಲ್ಲಿ ರಾಜ್ಯದ ಆರು ಸಚಿವರು ಒಟ್ಟಾಗಿ ಬೆಂಗಳೂರಿನ ನ್ಯಾಯಾಲಯಕ್ಕೆ ಹೋಗಿ, ತಮ್ಮ ಮಾನಕ್ಕೆ ಕುಂದು ತರುವ ಯಾವುದನ್ನೂ ಪ್ರಸಾರ ಮಾಡದಂತೆ 67 ಮಾಧ್ಯಮ ಸಂಸ್ಥೆಗಳ ವಿರುದ್ಧ ತಾತ್ಕಾಲಿಕ ತಡೆಯಾಜ್ಞೆ ತಂದರು. ಇನ್ನೂ ಪ್ರಸಾರವೇ ಆಗದ ಮಾತಿಗೆ ಬೀಗ! ಇಂಥ ಮಧ್ಯಂತರ ತಡೆಯಾಜ್ಞೆಗಳನ್ನು ತೀರ ಅಪರೂಪಕ್ಕೆ ಮಾತ್ರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2024ರ ಮಾರ್ಚ್‌ನಲ್ಲಿ, ಬ್ಲೂಮ್‌ಬರ್ಗ್ ಸುದ್ದಿಸಂಸ್ಥೆ ಮತ್ತು ಜೀ ಕಂಪನಿಯ ನಡುವಣ ಪ್ರಕರಣದಲ್ಲಿ, ಕೆಳಗಿನ ನ್ಯಾಯಾಲಯಗಳಿಗೆ ನೆನಪಿಸಿತು. ಇದರ ಜೊತೆಗೆ ನಮ್ಮಲ್ಲಿ ಮಾನಹಾನಿ ಕ್ರಿಮಿನಲ್ ಅಪರಾಧವೂ ಹೌದು. ಭಾರತೀಯ ನ್ಯಾಯ ಸಂಹಿತೆಯ 356ನೆಯ ಕಲಮಿನಂತೆ ಎರಡು ವರ್ಷದವರೆಗೆ ಜೈಲಾಗಬಹುದು. ಐರ್ಲೆಂಡಿನವರು 2009ರ ಕಾಯ್ದೆಯಲ್ಲಿ ಕ್ರಿಮಿನಲ್ ಮಾನಹಾನಿಯನ್ನೇ ತೆಗೆದುಹಾಕಿದ್ದಾರೆ.

ಕೇಸನ್ನು ಎಲ್ಲಿ ಹಾಕುತ್ತಾರೆ ಎಂಬುದೂ ಸಣ್ಣ ವಿಷಯವಲ್ಲ. ಬೆಲ್‌ಫಾಸ್ಟಿನಲ್ಲಿ ತಯಾರಾದ ಕಾರ್ಯಕ್ರಮದ ವಿಚಾರಣೆ ಡಬ್ಲಿನ್ನಿನಲ್ಲಿ ನಡೆದದ್ದನ್ನು ಅಲ್ಲಿನ ಕೆಲವರು ದೊಡ್ಡ ಅನ್ಯಾಯವೆಂಬಂತೆ ಮಾತಾಡಿದರು. 2019ರಲ್ಲಿ ನಮ್ಮ ಕೋಲಾರದಲ್ಲಿ ಮಾಡಿದ ಭಾಷಣಕ್ಕಾಗಿ ರಾಹುಲ್ ಗಾಂಧಿಯವರು ಗುಜರಾತಿನ ಸೂರತ್ತಿನಲ್ಲಿ ಶಿಕ್ಷೆಗೊಳಗಾಗಿ ಲೋಕಸಭಾ ಸದಸ್ಯತ್ವ ಕಳೆದುಕೊಂಡಿದ್ದನ್ನೂ, ಆಮೇಲೆ ಸುಪ್ರೀಂ ಕೋರ್ಟಿನ ತಡೆಯಿಂದ ಅದು ಮರಳಿ ಬಂದದ್ದನ್ನೂ ಕಂಡ ನಮಗೆ ಡಬ್ಲಿನ್ ಬಹಳ ದೂರವೆನಿಸುವುದಿಲ್ಲ. ಆ ಶಿಕ್ಷೆಯಾದಾಗ ಸಂಭ್ರಮಿಸಿದವರೇ ತಮ್ಮ ಪಕ್ಷದವರ ಮೇಲೆ ಅಂಥದೇ ಕೇಸು ಬಿದ್ದಾಗ ವಾಕ್ ಸ್ವಾತಂತ್ರ್ಯದ ಮಾತಾಡುತ್ತಾರೆ, ಅದನ್ನು ಖಂಡಿಸಿದವರು ತಮಗಾಗದ ಟಿ.ವಿ. ನಿರೂಪಕನ ಮೇಲೆ ಕೇಸು ಬಿದ್ದರೆ ಪೇಢೆ ಹಂಚುತ್ತಾರೆ. ಅದು ಬ್ಯಾರೆ, ಇದು ಬ್ಯಾರೆ.

ಚಹಾದಂಗಡಿಯಲ್ಲಿ ಅವತ್ತು ನಾನು ಇಷ್ಟೆಲ್ಲ ಭಾಷಣ ಮಾಡಲಿಲ್ಲ. ಕಾಕಾ ಆಗಲೇ ಮೊಬೈಲ್ ತೆಗೆದು, ನಮ್ಮೂರಿನ ಒಬ್ಬ ಗುತ್ತಿಗೆದಾರರ ಕುರಿತು ವಾಟ್ಸ್‌ಆ್ಯಪಿನಲ್ಲಿ ಬಂದ ಸಂದೇಶವೊಂದನ್ನು ಗುಂಪಿಗೆ ಕಳಿಸುವುದರಲ್ಲಿದ್ದರು. ಹಾಗೆ ಕಳಿಸುವುದೂ ಕಾನೂನಿನ ಕಣ್ಣಿನಲ್ಲಿ ಪ್ರಕಟಣೆಯೇ ಆಗಬಹುದು ಎಂದು ವಕೀಲರು ಹೇಳಿದಾಗ ಅವರ ಬೆರಳು ಒಂದು ಕ್ಷಣ ನಿಂತಿತು. “ನಾ ಏನ್ ಬರದೇನಿ? ಬಂದದ್ದು ಕಳಿಸೇನಿ ಅಷ್ಟ” ಎಂದರು. ಬಿಬಿಸಿಯ ವಕೀಲರಿಗಿಂತ ಚುಟುಕಾಗಿ ಹೇಳಿದರು ಎಂದುಕೊಂಡೆ.

ಇಷ್ಟು ಹೊತ್ತೂ ಸುಮ್ಮನೆ ಲೋಟ ತೊಳೆಯುತ್ತಿದ್ದ ಅಂಗಡಿಯವರು ಆಗ ಕೇಳಿದರು: “ಹಂಗಾರ ಆ ಮನಿಶ್ಯಾನ್ನ ಕೊಂದವ್ರು ಯಾರ್ರೀ?”

ಅದನ್ನು ಜ್ಯೂರಿಗೆ ಯಾರೂ ಕೇಳಿರಲಿಲ್ಲ, ಅದು ಅವರ ಕೆಲಸವೂ ಆಗಿರಲಿಲ್ಲ ಎಂದು ಹೇಳಿದೆ. ತಮ್ಮ ಬದುಕನ್ನು ಹಾಳುಗೆಡವಿದ ಘಟನೆ ಕೊನೆಗೆ ಒಬ್ಬರ ಹೆಸರಿಗಾದ ಹಾನಿಯ ಚರ್ಚೆಯಾಗಿ ಉಳಿಯಿತಲ್ಲ ಎಂದು ಡೊನಾಲ್ಡ್‌ಸನ್ ಕುಟುಂಬದವರು ತೀರ್ಪಿನ ಬಳಿಕ ನೊಂದು ಹೇಳಿದ್ದನ್ನೂ, ಸಾರ್ವಜನಿಕ ವಿಚಾರಣೆ ಬೇಕೆಂದು ಅವರು ಕೇಳುತ್ತಿರುವುದನ್ನೂ ತಿಳಿಸಿದೆ. ಬಿಬಿಸಿ ಮೇಲ್ಮನವಿ ಹೋಗದೆ ತೀರ್ಪನ್ನು ಅಲ್ಲಿಗೇ ಬಿಟ್ಟಿತು. ಕೊಲೆಯಾಗಿ ಎರಡು ದಶಕಗಳಾಗುತ್ತ ಬಂದರೂ ಅದಕ್ಕಾಗಿ ಯಾರಿಗೂ ಶಿಕ್ಷೆಯಾಗಿಲ್ಲ.