ಮನೆಯ ಫೋಟೋಗಳಿಗೆ ನಾಮಿನಿ ಯಾರು?

ಮುಂಬೈ ಹತ್ತಿರದ ಡೊಂಬಿವಲಿಯ ಫ್ಲ್ಯಾಟಿಗೆ ನಾಮಿನಿ ಇದ್ದಾರೆ. ಬ್ಯಾಂಕಿನ ಎಫ್‌ಡಿಗೆ ಇದ್ದಾರೆ. ಎಲ್‌ಐಸಿಗೆ, ಪಿಎಫ್‌ಗೆ, ಲಾಕರಿಗೆ, ಎಲ್ಲದಕ್ಕೂ ಇದ್ದಾರೆ. ಸೊಸೈಟಿಯ ಸೆಕ್ರೆಟರಿ ಬೆನ್ನು ಹತ್ತಿ ನಾಮಿನೇಷನ್ ಫಾರಂ ತುಂಬಿಸಿಕೊಳ್ಳುತ್ತಾರೆ. ಮನೆಯ ಫೋಟೋಗಳಿಗೆ ಮಾತ್ರ ಯಾರೂ ಇಲ್ಲ. ನಿನ್ನೆಯಿಂದ ಇದೇ ತಲೆ ಕೊರೆಯುತ್ತಿದೆ. ಸಿಟ್ಟೂ ಬರುತ್ತಿದೆ, ಸಂಕಟವೂ ಆಗುತ್ತಿದೆ. ಅದಕ್ಕೇ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಪಕ್ಕದ ಬಿಲ್ಡಿಂಗಿನ ಭಾವ ತೀರಿಕೊಂಡ ವಿಷಯ ಇಲ್ಲಿ ಹಲವರಿಗೆ ಗೊತ್ತು. ನೆಂಟಸ್ತಿಕೆ ಏನಿಲ್ಲ, ಆದರೆ ಅವರ ಹೆಂಡತಿ ನನಗೆ ಅಕ್ಕ, ಹಾಗಾಗಿ ಅವರು ಭಾವ. ಇಲ್ಲಿನ ಕನ್ನಡ ಸಂಘದ ರಾಜ್ಯೋತ್ಸವ ಇರಲಿ, ಗಣಪತಿ ಇರಲಿ, ಯಾರದೋ ಮನೆಯ ನಾಮಕರಣ ಇರಲಿ, ಮೊಬೈಲು ಹಿಡಿದು ಎಲ್ಲರನ್ನೂ ಸಾಲಾಗಿ ನಿಲ್ಲಿಸುತ್ತಿದ್ದವರು ಅವರೇ. ಊರಿಗೆ ಹೋಗುವಾಗ ಮತ್ಸ್ಯಗಂಧ ರೈಲಿನ ಕಿಟಕಿಯಿಂದ ತೆಗೆದದ್ದು, ಮಗನ ಮೊದಲ ದಿನದ ಯೂನಿಫಾರಂ, ಅಕ್ಕ ಉಪ್ಪಿನಕಾಯಿ ಭರಣಿಗೆ ಬಟ್ಟೆ ಕಟ್ಟುತ್ತಿರುವುದು, ಎಲ್ಲ ಆ ಫೋನಿನಲ್ಲಿದೆ. "ಎಲ್ಲ ಮೇಲೆ ಕ್ಲೌಡಿನಲ್ಲಿ ಸೇವ್ ಆಗಿದೆ, ಫೋನು ಕಳೆದುಹೋದ್ರೂ ಚಿಂತೆ ಇಲ್ಲ" ಅನ್ನುತ್ತಿದ್ದರು. ಕ್ಲೌಡ್ ಅಂದರೆ ಇಂಟರ್ನೆಟ್ಟಿನಲ್ಲಿ ಕಂಪನಿಯವರು ಕೊಡುವ ಜಾಗ. ನಿಜ, ಫೋನು ಕಳೆದುಹೋಗಲಿಲ್ಲ.

ಹದಿಮೂರನೇ ದಿನಕ್ಕೆ ಫ್ರೇಮ್ ಹಾಕಿಸಲು ಒಂದು ಫೋಟೋ ಬೇಕಿತ್ತು. ಒಂದೇ ಒಂದು. ಫೋನು ಮೇಜಿನ ಮೇಲೆ ಇತ್ತು, ಗಾಜಿನ ಒಂದು ಮೂಲೆ ಬಿರುಕು ಬಿಟ್ಟಿತ್ತು. ಬೆರಳಿಟ್ಟರೆ ತೆರೆಯುವ ಫೋನು, ಆ ಬೆರಳು ಈಗ ಇಲ್ಲ. ಲಾಕ್ ತೆಗೆಯುವ ನಂಬರು ಯಾರಿಗೂ ಗೊತ್ತಿಲ್ಲ. "ಹುಟ್ಟಿದ ವರ್ಷ ಹಾಕಿ ನೋಡು" ಅಂದರು ಅಕ್ಕ. ಆಗಲಿಲ್ಲ. ಮದುವೆ ವರ್ಷ, ಹಳೆಯ ಸ್ಕೂಟರಿನ ನಂಬರು, ಅದೂ ಆಗಲಿಲ್ಲ. ಮೊದಲು ಅರ್ಧ ನಿಮಿಷ ಕಾಯಿರಿ ಅಂತ ಬಂತು, ಆಮೇಲೆ ಇನ್ನೂ ಜಾಸ್ತಿ ಹೊತ್ತು. ಮಗ ಪುಣೆಯಲ್ಲಿ ಕಂಪ್ಯೂಟರ್ ಕೆಲಸದಲ್ಲೇ ಇರುವವನು, ಲ್ಯಾಪ್‌ಟಾಪ್ ತೆರೆದ. ಅಪ್ಪನ ಇಮೇಲ್ ಐಡಿ ಗೊತ್ತು, ಪಾಸ್‌ವರ್ಡ್ ಗೊತ್ತಿಲ್ಲ. ಮರೆತಿದ್ದೇನೆ ಅಂತ ಒತ್ತಿದರೆ ಅದೇ ಲಾಕ್ ಆದ ಫೋನಿನಲ್ಲಿ 'ಹೌದು' ಒತ್ತಿ ಅನ್ನುತ್ತದೆ. ಸಿಮ್ ತೆಗೆದು ಬೇರೆ ಫೋನಿಗೆ ಹಾಕಿದರು. ಓಟಿಪಿ ಬಂತು. ಆದರೂ ನೀವೇ ಅಂತ ಖಾತ್ರಿಯಾಗುತ್ತಿಲ್ಲ ಅಂತ ಉತ್ತರ. "ಅಪ್ಪಂದು ಎಲ್ಲ ಬ್ಯಾಕಪ್ ಇದೆ, ಎಲ್ಲ ಬ್ಯಾಕಪ್ ಇದೆ" ಅಂತ ಆ ಹುಡುಗ ಹೇಳುತ್ತಲೇ ಇದ್ದ. ಇದೆ ಮಾರಾಯ. ಯಾರಿಗೆ ಇದೆ?

ಕೊನೆಗೆ ಸಂಘದ ಗ್ರೂಪ್ ಫೋಟೋದಿಂದ ಮುಖ ಕತ್ತರಿಸಿ ತೆಗೆದೆವು. ಅದೂ ವಾಟ್ಸಾಪಿನಲ್ಲಿ ಹತ್ತು ಕೈ ದಾಟಿ ಬಂದದ್ದು, ದೊಡ್ಡದು ಮಾಡಿದರೆ ಮುಖವೆಲ್ಲ ಕಲಸಿಹೋಗುತ್ತದೆ. ಸ್ಟೇಷನ್ ಹತ್ತಿರದ ಫ್ರೇಮ್ ಅಂಗಡಿಯವನು ಹೆಗಲ ಮೇಲಿದ್ದ ಯಾರದೋ ಕೈಯನ್ನು ಅಳಿಸಿ, ಅದು ಕಾಣದಿರಲಿ ಅಂತ ಒಂದು ಕರಿ ಕೋಟು ಕೂರಿಸಿದ. ಭಾವ ಜೀವಮಾನದಲ್ಲಿ ಕೋಟು ಹಾಕಿದವರಲ್ಲ. ಅಕ್ಕ ಆ ಫ್ರೇಮನ್ನು ನೋಡಿ ಏನೂ ಅನ್ನಲಿಲ್ಲ, ಒಳಗೆ ಹೋದರು. ನನಗೆ ತಡೆಯಲಾಗಲಿಲ್ಲ.

ನಾನು ಹೇಳಬೇಕಾದದ್ದು ಇಷ್ಟೇ. ಬ್ಯಾಕಪ್ ಆಗಿರುವುದು ಬೇರೆ, ಮನೆಯವರ ಕೈಗೆ ಸಿಗುವುದು ಬೇರೆ. ನಮ್ಮ ಎಷ್ಟೋ ಮನೆಗಳಲ್ಲಿ ಇಡೀ ಸಂಸಾರದ ಫೋಟೋಗಳು ಒಬ್ಬರ ಒಂದು ಅಕೌಂಟಿನಲ್ಲಿ, ಒಂದು ಪಾಸ್‌ವರ್ಡಿನ ಹಿಂದೆ ಕೂತಿವೆ. ಅವರು ಇರುವ ತನಕ ಸರಿ.

ಇದು ಹೀಗೆ ಆದದ್ದು ಹೇಗೆ ಅಂತ ಯೋಚಿಸಿ. ಮೊದಲು 36 ಫೋಟೋದ ರೋಲು. ತೊಳೆಸಿ ಆಲ್ಬಮ್ಮಿಗೆ ಹಾಕಿ ಗೋದ್ರೆಜ್ ಕಪಾಟಿನಲ್ಲಿಟ್ಟರೆ ಮನೆಯವರೆಲ್ಲರದ್ದು. ಕಪಾಟಿನ ಬೀಗದಕೈ ಎಲ್ಲಿರುತ್ತದೆ ಅಂತ ಮಕ್ಕಳಿಗೂ ಗೊತ್ತು. 2015ರಲ್ಲಿ ಗೂಗಲ್ ಫೋಟೋಸ್ ಬಂತು. ಸ್ವಲ್ಪ ಗಾತ್ರ ಕುಗ್ಗಿಸಿ ಇಡುವುದಾದರೆ ಎಷ್ಟು ಬೇಕಾದರೂ ಪುಕ್ಕಟೆ ಅಂದರು. ಮನೆಯಲ್ಲಿ ಮೊಬೈಲು ಚೆನ್ನಾಗಿ ಬಳಸುವ ಒಬ್ಬರು ಅದನ್ನು ಆನ್ ಮಾಡಿಟ್ಟರು, ಉಳಿದವರು ಮರೆತರು. 2021ರ ಜೂನ್ 1ಕ್ಕೆ ಆ ಪುಕ್ಕಟೆ ಮುಗಿಯಿತು. ಅಲ್ಲಿಂದ ಮುಂದೆ ಹಾಕಿದ್ದೆಲ್ಲ 15 ಜಿಬಿ ಲೆಕ್ಕಕ್ಕೆ, ಅದರಲ್ಲೇ ಮೇಲ್ ಕೂಡ, ಡ್ರೈವ್ ಕೂಡ. ಆಂಡ್ರಾಯ್ಡ್ ಫೋನಿನ ವಾಟ್ಸಾಪ್ ಬ್ಯಾಕಪ್ಪೂ ಆಮೇಲೆ ಅದಕ್ಕೇ ಸೇರಿತು. ಐಫೋನಿನವರಿಗೆ ಪುಕ್ಕಟೆ 5 ಜಿಬಿ ಮಾತ್ರ. ಅಲ್ಲಿಂದ 'ಸ್ಟೋರೇಜ್ ಫುಲ್' ಅಂತ ದಿನಾ ಮೆಸೇಜು. ದುಡ್ಡು ಕಟ್ಟುವವರು ಕಟ್ಟುತ್ತಾರೆ, ಅದೂ ಒಬ್ಬರ ಕಾರ್ಡಿನಿಂದ. ಆ ಕಾರ್ಡ್ ನಿಂತ ಮೇಲೆ? ಜಾಗ ಮೀರಿದ ಸ್ಥಿತಿಯಲ್ಲೇ 2 ವರ್ಷ ಬಿಟ್ಟರೆ ಒಳಗಿರುವುದನ್ನು ಅಳಿಸಬಹುದು ಅಂತ ಗೂಗಲ್‌ನ ನಿಯಮದಲ್ಲೇ ಇದೆ. ಅಕೌಂಟನ್ನೇ 2 ವರ್ಷ ಯಾರೂ ಮುಟ್ಟದಿದ್ದರೆ ಅಕೌಂಟೇ ಅಳಿಸಿಹೋಗಬಹುದು ಅಂತ 2023ರಲ್ಲಿ ಹೇಳಿದ್ದಾರೆ. ಅಂದರೆ ಭಾವನ ಫೋಟೋಗಳಿಗೆ ಈಗ ಗಡಿಯಾರ ಶುರುವಾಗಿದೆ.

ಫೇಸ್‌ಬುಕ್ಕಿನ ಹಾಗೆ ಇದ್ದ ಆರ್ಕುಟ್ ನೆನಪಿದೆಯಾ? 2014ರ ಸೆಪ್ಟೆಂಬರಿನಲ್ಲಿ ಮುಚ್ಚಿತು. ಗೂಗಲ್‌ನದ್ದೇ ಹಳೆಯ ಫೋಟೋ ಜಾಗ ಪಿಕಾಸಾ 2016ರಲ್ಲಿ ನಿಂತಿತು. ಫೋಟೋ ಇಡುವ ಇನ್ನೊಂದು ಸೈಟು ಫ್ಲಿಕರ್‌ನವರು ಒಂದು ಕಾಲದಲ್ಲಿ 1 ಟಿಬಿ, ಅಂದರೆ ಸಾವಿರ ಜಿಬಿಯಷ್ಟು, ಪುಕ್ಕಟೆ ಕೊಟ್ಟವರು, ಮಾಲೀಕರು ಬದಲಾದ ಮೇಲೆ ಪುಕ್ಕಟೆಯವರಿಗೆ 1000 ಫೋಟೋ ಅಂತ ಮಿತಿ ಹಾಕಿದರು. ಅಂಗಡಿ ಅವರದ್ದು, ನಿಯಮ ಅವರದ್ದು. ಅವರ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ನಮ್ಮ ಮನೆಗಳ ಮೇಲೆ. ಅಡುಗೆಮನೆಯ ಗ್ಯಾಸ್ ಬುಕ್ ಮಾಡಲು ಇಬ್ಬರಿಗೆ ಗೊತ್ತಿರುತ್ತದೆ. ಫೋಟೋ ಇರುವ ಅಕೌಂಟ್ ತೆರೆಯಲು ಒಬ್ಬರಿಗೇ ಯಾಕೆ ಗೊತ್ತು?

"ಅದಕ್ಕೇ ಹೇಳೋದು, ಹಳೇ ಆಲ್ಬಮ್ಮೇ ವಾಸಿ" ಅಂತ ಈಗ ಯಾರಾದರೂ ಬರೆಯುತ್ತಾರೆ. ಬೇಡ. ಆ ಮಾತನ್ನು ನನ್ನ ಹತ್ತಿರ ಆಡಬೇಡಿ. 2005ರ ಜುಲೈ 26ರಂದು ನಾವು ಮುಂಬೈಯ ಕಲೀನಾದಲ್ಲಿ ಇದ್ದೆವು, ನೆಲಮಹಡಿ ಮನೆ. ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ. ಮೀಠಿ ನದಿಯ ನೀರು, ಚರಂಡಿ ನೀರು ಎಲ್ಲ ಸೇರಿ ಕಪಾಟಿನ ಕೆಳಗಿನ ಎರಡು ಅಂಕಣ ತುಂಬಿತು. ಆಲ್ಬಮ್ ಇದ್ದದ್ದು ಅಲ್ಲೇ. ಅಮ್ಮ ಒಂದೊಂದೇ ಫೋಟೋ ಬಿಡಿಸಿ ಪೇಪರಿನ ಮೇಲೆ ಹರವಿ, ಕರೆಂಟು ಬಂದ ಮೇಲೆ ಫ್ಯಾನ್ ಹಾಕಿದರು. ಬಿಡಿಸುವಾಗಲೇ ಬಣ್ಣ ಕಿತ್ತು ಪ್ಲಾಸ್ಟಿಕ್ಕಿಗೆ ಅಂಟಿಕೊಂಡು ಬರುತ್ತಿತ್ತು. ಅಪ್ಪ ಪ್ರಾಯದಲ್ಲಿದ್ದಾಗಿನ ಒಂದು ಫೋಟೋ ಕೂಡ ಈಗ ನಮ್ಮ ಹತ್ತಿರ ಇಲ್ಲ. ಮಗಳು ತಾತ ಚಿಕ್ಕವರಿದ್ದಾಗ ಹೇಗಿದ್ದರು ಅಂತ ಕೇಳಿದರೆ ನನ್ನ ಹತ್ತಿರ ತೋರಿಸಲು ಏನೂ ಇಲ್ಲ. ಇದನ್ನು ನಾನು ಇಷ್ಟು ವರ್ಷ ಎಲ್ಲೂ ಬರೆದಿರಲಿಲ್ಲ. ಕ್ಲೌಡ್ ಆಗ ಇದ್ದಿದ್ದರೆ ಅನ್ನಿಸುತ್ತದೆ. ಹಾಗಾಗಿ ನಾನು ಕ್ಲೌಡಿನ ಪರವೇ. ಮುಂಬೈಯಂಥ ಊರಿನಲ್ಲಿ ಒಂದು ಪ್ರತಿ ಮನೆಯ ಹೊರಗೆ ಇರಲೇಬೇಕು. ಆದರೆ ಮನೆಯ ಹೊರಗೆ ಇಟ್ಟದ್ದಕ್ಕೆ ದಾರಿ ಮನೆಯವರಿಗೆ ಗೊತ್ತಿರಬೇಕು, ಅಲ್ವಾ?

ಇನ್ನೊಂದು ಮಾತು ಬರುತ್ತದೆ. "ಪಾಸ್‌ವರ್ಡ್ ಕೊಡೋದು ಹೇಗೆ, ಎಲ್ಲರಿಗೂ ತಮ್ಮದು ಅಂತ ಇರುತ್ತಲ್ಲ." ಇರಲಿ, ಒಪ್ಪಿದೆ. ಪಾಸ್‌ವರ್ಡ್ ಕೊಡಿ ಅಂತ ಯಾರು ಹೇಳಿದರು? ಗೂಗಲ್ ಅಕೌಂಟಿನಲ್ಲಿ 'ಇನ್‌ಆಕ್ಟಿವ್ ಅಕೌಂಟ್ ಮ್ಯಾನೇಜರ್' ಅಂತ ಒಂದು ಜಾಗ ಇದೆ. ಅದೇ ನಾಮಿನೇಷನ್ ಫಾರಂ ಅಂದುಕೊಳ್ಳಿ. ನಾನು ಇಷ್ಟು ತಿಂಗಳು ಅಕೌಂಟ್ ಮುಟ್ಟದಿದ್ದರೆ ಇಂಥವರಿಗೆ ತಿಳಿಸಿ, ಇದಿದನ್ನು ಕೊಡಿ ಅಂತ ಬರೆದಿಡಬಹುದು. 3 ತಿಂಗಳಿನಿಂದ 18 ತಿಂಗಳವರೆಗೆ ನೀವೇ ಆರಿಸಬಹುದು, 10 ಜನರ ತನಕ ಹೆಸರು ಹಾಕಬಹುದು. ಫೋಟೋ ಮಾತ್ರ ಕೊಡಿ, ಮೇಲ್ ಬೇಡ ಅಂತಲೂ ಹೇಳಬಹುದು. ಐಫೋನಿನಲ್ಲಿ 2021ರ ಕೊನೆಯಿಂದ 'ಲೆಗಸಿ ಕಾಂಟ್ಯಾಕ್ಟ್' ಇದೆ. ನೀವು ಹೆಸರಿಸಿದವರಿಗೆ ಒಂದು ಕೀ ಸಿಗುತ್ತದೆ, ಆ ಕೀ ಮತ್ತು ಡೆತ್ ಸರ್ಟಿಫಿಕೇಟ್ ಕೊಟ್ಟರೆ ದಾರಿ ತೆರೆಯುತ್ತದೆ. ಎರಡೂ ಕೆಲಸ ಒಂದು ಟೀ ಕುಡಿಯುವ ಹೊತ್ತಿನದ್ದು. ನಮ್ಮ ದೇಶದ 2023ರ ಡೇಟಾ ಸಂರಕ್ಷಣೆ ಕಾಯ್ದೆಯಲ್ಲೂ ನಾಮಿನಿ ನೇಮಿಸುವ ಹಕ್ಕನ್ನು ಬರೆದಿದ್ದಾರೆ. ಕಾಯ್ದೆ ಮಾಡಿದವರಿಗೂ ಇದರ ಅಗತ್ಯ ಕಂಡಿದೆ. ನಮಗೆ ಯಾಕೆ ಕಾಣುತ್ತಿಲ್ಲ?

ಅದೂ ಬೇಡ ಅನ್ನುವವರು ಗಂಡ ಹೆಂಡತಿ ಗೂಗಲ್ ಫೋಟೋಸ್‌ನ ಪಾರ್ಟ್‌ನರ್ ಶೇರಿಂಗ್ ಹಾಕಿಕೊಳ್ಳಿ. ಒಬ್ಬರು ತೆಗೆದದ್ದು ತನ್ನಷ್ಟಕ್ಕೆ ಇನ್ನೊಬ್ಬರಿಗೂ ಹೋಗುತ್ತದೆ. ಬರೀ ಮಕ್ಕಳ ಮುಖ ಇರುವ ಫೋಟೋ ಹೋಗಲಿ ಅಂತಲೂ ಹೇಳಬಹುದು. ಆದರೆ ಇನ್ನೊಬ್ಬರು 'ನನ್ನ ಲೈಬ್ರರಿಗೂ ಸೇವ್ ಆಗಲಿ' ಅಂತ ಒತ್ತಲೇಬೇಕು. ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಶೇರ್ ಮಾಡಿದ ಆಲ್ಬಮ್ಮಿನಲ್ಲಿ ಫೋಟೋ ಕಂಡ ಮಾತ್ರಕ್ಕೆ ಅದು ನಿಮ್ಮದಾಗಲಿಲ್ಲ. ಹಾಕಿದವರ ಅಕೌಂಟ್ ಹೋದರೆ ಆಲ್ಬಮ್ಮಿನಿಂದಲೂ ಹೋಗುತ್ತದೆ.

ಮದುವೆ ಫೋಟೋಗಳ ಕತೆಯೂ ಇದೇ. ಈಗ ಸ್ಟುಡಿಯೋದವರು ಆಲ್ಬಮ್ ಮಾಡಿಸಿಕೊಟ್ಟರೂ ಒರಿಜಿನಲ್ ಎಲ್ಲ ಲಿಂಕಿನಲ್ಲಿ ಕಳಿಸುತ್ತಾರೆ. ನಾವು ಆ ಲಿಂಕನ್ನು ಫ್ಯಾಮಿಲಿ ಗ್ರೂಪಿಗೆ ಹಾಕಿ ಕೈತೊಳೆದುಕೊಳ್ಳುತ್ತೇವೆ. ಎಲ್ಲರೂ ನೋಡಿದರು, ಹಾರ್ಟ್ ಹಾಕಿದರು, ಯಾರೂ ಇಳಿಸಿಕೊಳ್ಳಲಿಲ್ಲ. ಮುಲುಂಡಿನ ನಮ್ಮ ನೆಂಟರ ಮನೆ ಮದುವೆಯ ಲಿಂಕು ಈಗ ಒತ್ತಿದರೆ ಖಾಲಿ ಪುಟ. ಸ್ಟುಡಿಯೋದವರನ್ನು ಕೇಳಿದರೆ ಹಾರ್ಡ್ ಡಿಸ್ಕ್ ಖಾಲಿ ಮಾಡಿ ಆಯ್ತು ಅಂದರು. ಜತೆಗೆ, ಲಿಂಕ್ ಸಿಕ್ಕ ಯಾರು ಬೇಕಾದರೂ ತೆರೆಯುವ ಹಾಗೆ ಬಿಟ್ಟರೆ ಅದು ಯಾವ ಗ್ರೂಪಿನಿಂದ ಯಾವ ಗ್ರೂಪಿಗೆ ಹೋಯಿತು ಅಂತ ಹೇಳುವುದು ಯಾರು? ನಮ್ಮ ಹೆಣ್ಣುಮಕ್ಕಳ ಫೋಟೋ ಇರುತ್ತದೆ ಅದರಲ್ಲಿ. ಎಲ್ಲರೂ ಇಳಿಸಿಕೊಂಡ ಮೇಲೆ ಲಿಂಕ್ ಮುಚ್ಚಿ. ಮನೆಯವರಿಗೆ ಸಿಗದ್ದು ಊರವರಿಗೆಲ್ಲ ತೆರೆದಿರುವುದು ಯಾವ ನ್ಯಾಯ?

ಅಕ್ಕನ ಮನೆಯಲ್ಲಿ ನಿನ್ನೆ ಒಂದು ಮಾತು ಕೇಳಿ ಎದೆ ಧಸಕ್ಕೆಂದಿತು. "ಅವರ ನಂಬರಿಗೆ ಇನ್ನು ರೀಚಾರ್ಜ್ ಯಾಕೆ, ಸುಮ್ನೆ ಖರ್ಚು" ಅಂದರು ಯಾರೋ. ದಯವಿಟ್ಟು ಹಾಗೆ ಮಾಡಬೇಡಿ. ಪ್ರೀಪೇಯ್ಡ್ ಸಿಮ್ಮನ್ನು 90 ದಿನ ಬಳಸದೆ, ಬ್ಯಾಲೆನ್ಸೂ ಇಲ್ಲದೆ ಬಿಟ್ಟರೆ ಕಂಪನಿ ಅದನ್ನು ನಿಲ್ಲಿಸಬಹುದು. ಆಮೇಲೆ ಆ ನಂಬರು ಇನ್ಯಾರಿಗೋ ಹೋಗುತ್ತದೆ. ಬ್ಯಾಂಕಿನ ಓಟಿಪಿಯೂ ಅಲ್ಲಿಗೇ, ಫೋಟೋ ಅಕೌಂಟಿನ ಓಟಿಪಿಯೂ ಅಲ್ಲಿಗೇ. ಎಲ್ಲ ಲೆಕ್ಕ ಮುಗಿಯುವ ತನಕ ಸಿಮ್ ಜೀವಂತ ಇರಲಿ. ಫೋನನ್ನು ಅಳಿಸಿ ಮಾರುವುದಂತೂ ಬೇಡವೇ ಬೇಡ. ಮಗ ಈಗ ಡೆತ್ ಸರ್ಟಿಫಿಕೇಟ್ ಕೈಗೆ ಬಂದ ಕೂಡಲೇ ಗೂಗಲ್‌ಗೆ ಅರ್ಜಿ ಹಾಕುತ್ತಾನೆ. ತೀರಿಕೊಂಡವರ ಅಕೌಂಟಿನ ಬಗ್ಗೆ ಮನೆಯವರು ಕೇಳಿಕೊಳ್ಳಲು ದಾರಿ ಇದೆ. ಪಾಸ್‌ವರ್ಡ್ ಕೊಡುವುದಿಲ್ಲ, ಕೆಲವು ಸಂದರ್ಭದಲ್ಲಿ ಒಳಗಿರುವುದನ್ನು ಕೊಡಬಹುದು. ಸಿಗಲಿ ಅಂತ ದೇವರಲ್ಲಿ ಬೇಡಿಕೊಳ್ಳುತ್ತಿದ್ದೇನೆ.

ವರ್ಷಕ್ಕೊಮ್ಮೆ ಎಲ್ಲ ಇಳಿಸಿ ಮನೆಯ ಹಾರ್ಡ್ ಡಿಸ್ಕಿಗೂ ಹಾಕಿಡಿ. ಗೂಗಲ್‌ನವರಿಗೆ 'ಟೇಕ್‌ಔಟ್' ಅಂತಲೇ ಇದೆ. ಕೇಳಿದರೆ ಕಟ್ಟಿಕೊಡುತ್ತದೆ, ಸುಮಾರು ಒಂದು ವಾರದೊಳಗೆ ಇಳಿಸಿಕೊಳ್ಳಬೇಕು. ತಾರೀಖು ಮತ್ತಿತರ ವಿವರ ಇರುವ ಸಣ್ಣ ಫೈಲುಗಳು ಬೇರೆಯಾಗಿ ಬರುತ್ತವೆ, ಕಸ ಅಂತ ಅವನ್ನು ಅಳಿಸಬೇಡಿ.

ನಮ್ಮ ಸಂಘಗಳವರಿಗೆ ಒಂದು ವಿನಂತಿ. ಕಣ್ಣಿನ ತಪಾಸಣೆ ಮಾಡುತ್ತೀರಿ, ಇನ್‌ಕಮ್ ಟ್ಯಾಕ್ಸ್ ಬಗ್ಗೆ ಭಾಷಣ ಇಡುತ್ತೀರಿ, ಬಹಳ ಒಳ್ಳೆಯದು. ಒಂದು ಭಾನುವಾರ ಇದಕ್ಕೂ ಹಾಲ್ ಕೊಡಿ. ಡೊಂಬಿವಲಿ, ಕಲ್ಯಾಣ್, ಠಾಣೆ, ಮುಲುಂಡ್, ಎಲ್ಲಿ ಕರೆದರೂ ಬರುತ್ತೇನೆ, ರಿಪೇರಿಗೆ ಅಂತ ಲೋಕಲ್ ರೈಲು ನಿಲ್ಲಿಸುವ ಮೆಗಾಬ್ಲಾಕ್ ಇದ್ದರೂ ಬರುತ್ತೇನೆ. ಹಿರಿಯರು ಫೋನು ತರಲಿ, ಚಾರ್ಜರ್ ತರಲಿ, ಜತೆಗೆ ಮನೆಯ ಇನ್ನೊಬ್ಬರನ್ನು ಕರೆತರಲಿ. ಆ ಇನ್ನೊಬ್ಬರು ಬರದಿದ್ದರೆ ಕೆಲಸ ಆಗುವುದಿಲ್ಲ, ಅವರ ಹೆಸರನ್ನೇ ಅಲ್ಲಿ ಹಾಕಬೇಕಾದದ್ದು. ತಾರೀಖು ಹೇಳಿ, ಬರುತ್ತೇನೆ.