ಹಟ್ಟಿಗೆ ಇಟ್ಟ ಬುದ್ಧಿ ಚಾವಡಿಗೆ ಯಾಕಿಲ್ಲ?

ಕಾಸರಗೋಡಿನ ಬದಿಯಡ್ಕ, ನೀರ್ಚಾಲು, ಪೆರ್ಲ ಕಡೆ ಈಗ ಎಲ್ಲಿ ನೋಡಿದರೂ ಹಳೆ ಮನೆಗಳ ನೆಲ ಕೀಳುವ ಕೆಲಸ. ಕಾವಿ ನೆಲ ಹೋಗಿ ಹೊಳೆಯುವ ಟೈಲ್ಸ್ ಬರುತ್ತಿದೆ. 3 ವರ್ಷದ ಹಿಂದೆ ನಾವೂ ಅದನ್ನೇ ಮಾಡಿದೆವು. ಅಂಗಡಿಯಲ್ಲಿ ಬಣ್ಣ ನೋಡಿದೆವು, ಡಿಸೈನ್ ನೋಡಿದೆವು, ಚದರ ಅಡಿಗೆ ಎಷ್ಟು ಅಂತ ಕೇಳಿದೆವು. ಮನೆಯಲ್ಲಿ 12 ವರ್ಷದ ನಾಯಿ ಇದೆ, ಒಂದು ಬೆಕ್ಕು ಇದೆ ಎಂಬ ಮಾತು ನಮ್ಮ ಬಾಯಿಗೂ ಬರಲಿಲ್ಲ, ಅಂಗಡಿಯವರೂ ಕೇಳಲಿಲ್ಲ.

ದಾಸು ಅಂಗಳದ ನಾಯಿ. ಬೇಸಿಗೆಯಲ್ಲಿ ತೋಟ, ಅಂಗಳ, ಅಡಿಕೆ ಒಣಗಿಸುವಲ್ಲಿ ಕಾವಲು. ಆದರೆ ನಮ್ಮೂರಿನ ಮಳೆ ಗೊತ್ತಲ್ವಾ, ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ. ಆಟಿ ತಿಂಗಳಲ್ಲಿ ವಾರಗಟ್ಟಲೆ ಬಿಡದೆ ಸುರಿಯುವಾಗ ಮುದಿ ನಾಯಿಯನ್ನು ಹೊರಗೆ ಕಟ್ಟಲು ಮನಸ್ಸು ಬರುವುದಿಲ್ಲ. ಮನೆಯೊಳಗೆ ಚಾವಡಿಗೆ ಕರೆದುಕೊಂಡೆವು. ಪ್ರಾಯ ಆದ ಮೇಲೆ ಅವನಿಗೆ ಉಚ್ಚೆ ತಡೆಯಲು ಆಗುತ್ತಿರಲಿಲ್ಲ. ಅದು ಅವನ ತಪ್ಪಲ್ಲ. ಬಯ್ಯಬೇಡಿ ಅಂತ ಮಕ್ಕಳಿಗೆ ಮೊದಲೇ ಹೇಳಿದ್ದೆ.

ಮೊದಮೊದಲು ಒರೆಸಿದರೆ ಕಲೆಯೇ ಇರುತ್ತಿರಲಿಲ್ಲ. ಒಂದು ತಿಂಗಳಲ್ಲಿ ಟೈಲ್ಸ್ ನಡುವಿನ ಬಿಳಿ ಗೆರೆಗಳು ಹಳದಿಯಾದವು. ಬಿಸಿಲಿದ್ದ ದಿನ ವಾಸನೆ ಇಲ್ಲ. ಮಳೆ ಹಿಡಿದು ತಂಡಿ ಏರಿದ ದಿನ ಚಾವಡಿಯಲ್ಲಿ ಕೂರಲು ಆಗದು.

ಆಮೇಲೆ ಅರ್ಥವಾಯಿತು. ಟೈಲ್ಸಿಗೆ ಏನೂ ಆಗಿರಲಿಲ್ಲ. ವಿಟ್ರಿಫೈಡ್ ಟೈಲ್ಸ್ ತನ್ನ ತೂಕದ 0.5 ಶೇಕಡಕ್ಕಿಂತ ಜಾಸ್ತಿ ನೀರು ಹೀರುವುದಿಲ್ಲ. ಆದರೆ ನಡುವೆ ತುಂಬಿಸಿದ್ದು ಸಾದಾ ಸಿಮೆಂಟ್ ಗ್ರೌಟ್. ಅದು ಸ್ಪಂಜಿನ ಹಾಗೆ ಕುಡಿಯುತ್ತದೆ. ಉಚ್ಚೆಯ ನೀರು ಆರಿದರೂ ಉಪ್ಪು ಒಳಗೇ ಉಳಿಯುತ್ತದೆ. ಅದರಲ್ಲಿರುವ ಯೂರಿಯಾವನ್ನು ಬ್ಯಾಕ್ಟೀರಿಯಾ ಒಡೆದಾಗ ಅಮೋನಿಯ ಬರುತ್ತದೆ. ತೇವ ತಾಗಿದಾಗಲೆಲ್ಲ ವಾಸನೆ ಮತ್ತೆ ಏಳುತ್ತದೆ.

ಆಗ ನಾವು ಮಾಡಿದ ಕೆಲಸ ಇನ್ನೂ ಕೆಟ್ಟದ್ದು. ಬಚ್ಚಲಿಗೆ ಹಾಕುವ ಆಸಿಡ್ ತಂದು ಉಜ್ಜಿದೆವು. ಎರಡು ದಿನ ಗೆರೆ ಬೆಳ್ಳಗಾಯಿತು. ಆದರೆ ಆಸಿಡ್ ಸಿಮೆಂಟನ್ನೇ ತಿನ್ನುತ್ತದೆ. ಗೆರೆ ಪೊಳ್ಳಾಯಿತು, ಮೊದಲಿಗಿಂತ ಜಾಸ್ತಿ ಕುಡಿಯಿತು. ಫಿನಾಯಿಲ್ ಹಾಕಿದರೆ ಒಂದು ವಾಸನೆಯ ಮೇಲೆ ಇನ್ನೊಂದು ವಾಸನೆ, ಅಷ್ಟೇ. ಬೆಕ್ಕು ಇರುವ ಮನೆಯಲ್ಲಂತೂ ಅದು ಬೇಡವೇ ಬೇಡ. ಬೆಕ್ಕು ಆ ನೆಲದಲ್ಲಿ ನಡೆದು ಪಾದ ನೆಕ್ಕುತ್ತದೆ. ಫಿನಾಲ್ ಜಾತಿಯ ವಿಷವನ್ನು ಕರಗಿಸುವ ಶಕ್ತಿ ಅದರ ಲಿವರಿಗೆ ತೀರಾ ಕಡಿಮೆ. ಬ್ಲೀಚಿಂಗ್ ಪೌಡರೂ ಅಷ್ಟೇ. ಉಚ್ಚೆಯ ಅಮೋನಿಯ ಜೊತೆ ಸೇರಿದರೆ ಕೆಮ್ಮು ಬರಿಸುವ ಕೆಟ್ಟ ಗ್ಯಾಸ್ ಏಳುತ್ತದೆ.

ಕೊನೆಗೆ ಚಾವಡಿಯ ಗೆರೆಗಳನ್ನೆಲ್ಲ ಕೆರೆದು ತೆಗೆಸಿ, ಸಿಮೆಂಟಿನ ಬದಲು ರಾಳದಿಂದ ಮಾಡಿದ ಎಪಾಕ್ಸಿ ಗ್ರೌಟ್ ತುಂಬಿಸಿದೆವು. ಸಿಮೆಂಟಿಗಿಂತ ಎಷ್ಟೋ ಪಟ್ಟು ಕ್ರಯ. ಎರಡು ಭಾಗ ಕಲಸಿ ಬೇಗ ಬೇಗ ತುಂಬಬೇಕು, ಗಟ್ಟಿಯಾಗುವ ಮೊದಲೇ ಒರೆಸಬೇಕು. ಅದಕ್ಕೇ ಕೆಲಸದವರಿಗೆ ಇಷ್ಟ ಇಲ್ಲ, ‘ಅದೆಲ್ಲ ಬೇಡ’ ಅಂತಾರೆ. ನೀವು ಬಿಡಬೇಡಿ. ಅದು ನೀರು ಕುಡಿಯುವುದಿಲ್ಲ.

ವಾಸನೆ ಹೋಯಿತು. ಆದರೆ ನನಗೆ ಇವತ್ತಿಗೂ ನೋವಾಗುವುದು ಬೇರೆ ವಿಷಯಕ್ಕೆ. ಆ ಹೊಳೆಯುವ ನೆಲದಲ್ಲಿ ದಾಸುವಿಗೆ ಏಳಲು ಆಗುತ್ತಿರಲಿಲ್ಲ. ಹಿಂದಿನ ಕಾಲು ಎರಡೂ ಎರಡು ಕಡೆಗೆ ಜಾರುತ್ತಿದ್ದವು. ನಾಯಿಯ ಉಗುರಿಗೆ ಪಾಲಿಶ್ ನೆಲದಲ್ಲಿ ಹಿಡಿತವೇ ಇಲ್ಲ. ಸೊಂಟದ ಶಕ್ತಿ ಕುಂದಿದ ಪ್ರಾಣಿ ಏಳಲು ನೋಡುವುದು, ಜಾರುವುದು, ಅಲ್ಲೇ ಉಚ್ಚೆ ಹೊಯ್ದು ತಲೆ ತಗ್ಗಿಸುವುದು. ನಾಲ್ಕೈದು ಉಚ್ಚೆಯಲ್ಲಿ ಎರಡಾದರೂ ಬಾಗಿಲವರೆಗೆ ನಡೆಯಲಾಗದೆ ಆದದ್ದು ಅಂತ ನಾನು ಈಗಲೂ ನಂಬಿದ್ದೇನೆ.

ಒಂದು ದಿನ ಹಾಲು ಕರೆಯಲು ಕೂತಾಗ ಹೊಳೆಯಿತು. ದನದ ಹಟ್ಟಿ ಕಟ್ಟುವಾಗ ನಾವು ಎಷ್ಟು ಯೋಚನೆ ಮಾಡುತ್ತೇವೆ! ಗಂಜಳ ನಿಲ್ಲಬಾರದು ಅಂತ ಹಿಂದಕ್ಕೆ ಇಳಿಜಾರು, ಅದರ ಕೊನೆಗೆ ಹರಿದು ಹೋಗಲು ಕಣಿ. ಗೊರಸು ಜಾರಬಾರದು ಅಂತ ಕಾಂಕ್ರೀಟ್ ಹಸಿ ಇರುವಾಗಲೇ ಗೆರೆ ಎಳೆಸುತ್ತೇವೆ. ಮೇಲೆ ರಬ್ಬರ್ ಮ್ಯಾಟ್. ದನ ಜಾರಿ ಬಿದ್ದರೆ ಏಳುವುದು ಕಷ್ಟ ಅಂತ ಸಣ್ಣ ಮಕ್ಕಳಿಗೂ ಗೊತ್ತು. ಹಾಗಾದರೆ ಹಟ್ಟಿಯಿಂದ ಇಪ್ಪತ್ತು ಹೆಜ್ಜೆ ಆಚೆ, ಚಾವಡಿಯ ನೆಲ ಮಾಡಿಸುವಾಗ ಆ ಬುದ್ಧಿ ಎಲ್ಲಿ ಹೋಗುತ್ತದೆ? ಅಂದೇ ಹಟ್ಟಿಯ ಒಂದು ಹಳೆ ರಬ್ಬರ್ ಮ್ಯಾಟ್ ತೊಳೆದು ಕತ್ತರಿಸಿ ಚಾವಡಿಗೆ ಹಾಸಿದೆ. ದಾಸು ಮರುದಿನ ತಾನಾಗಿ ಎದ್ದು ಬಾಗಿಲವರೆಗೆ ನಡೆದ. ಅದಕ್ಕಿಂತ ಮೊದಲು ಹಾಸಿದ್ದ ಸೆಣಬಿನ ಚೀಲ ಉಚ್ಚೆ ಕುಡಿದು ನಾರುತ್ತಿತ್ತು. ರಬ್ಬರಾದರೆ ಅಂಗಳಕ್ಕೆ ಒಯ್ದು ಪೈಪ್ ಹಿಡಿದರೆ ಸಾಕು.

ಹೊಸ ನೆಲ ಹಾಕಿಸುವವರು ಹೊಳಪಿಲ್ಲದ ಮ್ಯಾಟ್ ಫಿನಿಶ್ ಟೈಲ್ಸನ್ನೇ ತಗೊಳ್ಳಿ. ಸಾಧ್ಯ ಆದಷ್ಟು ದೊಡ್ಡ ಅಳತೆಯದ್ದು, ಗೆರೆ ಕಡಿಮೆಯಾಗಲಿ. ಅಂಗಡಿಯಲ್ಲೇ ಟೈಲ್ಸ್ ತಿರುಗಿಸಿ ಹಿಂದುಗಡೆ ನಾಲ್ಕು ಹನಿ ನೀರು ಬಿಡಿ. ಕೂಡಲೇ ಕುಡಿದರೆ ನೆಲಕ್ಕೆ ಬೇಡ. ಬೆಕ್ಕಿಗೆ ಮೂಲೆಯ ಗೋಡೆಗೆ ಉಚ್ಚೆ ಹಾರಿಸುವ ಅಭ್ಯಾಸ ಇದ್ದರೆ ಗೋಡೆಯ ಬುಡಕ್ಕೆ ಹಾಕುವ ಟೈಲ್ಸ್ ಪಟ್ಟಿ (ಸ್ಕರ್ಟಿಂಗ್) ಒಂದಡಿ ಎತ್ತರ ಇರಲಿ. ಗಂಡಾದರೆ ಬೀಜ ತೆಗೆಯುವ ಆಪರೇಶನ್ ಮಾಡಿಸಿದರೂ ಅದು ತುಂಬಾ ಕಡಿಮೆಯಾಗುತ್ತದೆ. ಮಾರ್ಬಲ್ ಬೇಡ, ಆಸಿಡ್ ಅಂಶ ಇರುವ ಏನು ಬಿದ್ದರೂ ಹೊಳಪು ಸಾಯುತ್ತದೆ. ಮರದ ಹಾಗೆ ಕಾಣುವ ಲ್ಯಾಮಿನೇಟ್ ಅಂತೂ ನಮ್ಮ ಮಳೆಗೇ ಉಬ್ಬುತ್ತದೆ. ಅದರೊಳಗಿರುವುದು ಒತ್ತಿದ ಮರದ ಹೊಡಿ.

ಹಳೆ ಕಾವಿ ನೆಲ ಚೆನ್ನಾಗಿರುವವರು ದಯವಿಟ್ಟು ಸುಮ್ನೆ ಕೀಳಬೇಡಿ. ಸಿಮೆಂಟಿಗೆ ಕಾವಿ ಬೆರೆಸಿ, ಕರಣೆಯಲ್ಲಿ ತಿಕ್ಕಿ ತಿಕ್ಕಿ ಮಾಡಿದ ಆ ನೆಲದಲ್ಲಿ ಗೆರೆಯೇ ಇಲ್ಲ. ಬಿರುಕು ಬಿಡುತ್ತದೆ, ನಿಜ. ಬಿರುಕು ಮುಚ್ಚಿ ಮೇಣ ಹಾಕಿ ಉಜ್ಜಿದರೆ ಇನ್ನೂ ಬಾಳುತ್ತದೆ. ಅಜ್ಜಿ ಇದ್ದಾಗ ನಾಯಿಮರಿ ಒದ್ದೆ ಮಾಡಿದರೆ ಒಲೆಯ ಬೂದಿ ಚೆಲ್ಲುತ್ತಿದ್ದರು. ಬೂದಿ ಹೀರಿಕೊಳ್ಳುತ್ತಿತ್ತು. ಗುಡಿಸಿ, ಒರೆಸಿದರೆ ಮುಗಿಯಿತು. ನಮ್ಮಲ್ಲಿ ಕಾವಿ ಉಳಿದಿರುವುದು ಈಗ ಒಂದೇ ಕೋಣೆಯಲ್ಲಿ. ದಾಸು ಕೊನೆಯ ತಿಂಗಳು ಮಲಗಿದ್ದು ಅಲ್ಲೇ.

ಮುಂದಿನ ತಿಂಗಳು ಪೆರ್ಲದಲ್ಲಿ ಅಕ್ಕನ ಮನೆಗೆ ಟೈಲ್ಸ್ ಹಾಕುತ್ತಾರೆ. ಅವಳಲ್ಲೂ ಮುದಿ ನಾಯಿ ಇದೆ. ಮ್ಯಾಟ್ ಟೈಲ್ಸ್ ಆಗಿದೆ, ಎಪಾಕ್ಸಿಗೆ ಮೇಸ್ತ್ರಿ ಒಪ್ಪಿದ್ದಾರೆ. ಜಗಲಿಯ ನೆಲ ಅಂಗಳದ ಕಡೆಗೆ ಒಂಚೂರು ಇಳಿಜಾರು ಬೇಕು ಅಂದಾಗ ಅವರು ‘ಹಟ್ಟಿಯ ಹಾಗಾ?’ ಅಂತ ಕೇಳಿದರು. ಹೌದು, ಹಟ್ಟಿಯ ಹಾಗೇ ಅಂದೆ.