ಸರದಿ ಬರುತ್ತೆ, ಸುಮ್ನಿರಿ

ಕರ್ನಾಟಕದಲ್ಲಿ ವಿರೋಧ ಪಕ್ಷದಷ್ಟು ನೆಮ್ಮದಿಯ ನೌಕರಿ ಇನ್ನೊಂದಿಲ್ಲ. 1985ರಲ್ಲಿ ರಾಮಕೃಷ್ಣ ಹೆಗಡೆಯವರು ಅಧಿಕಾರದಲ್ಲಿದ್ದುಕೊಂಡೇ ಚುನಾವಣೆಗೆ ಹೋಗಿ ಮತ್ತೆ ಗೆದ್ದು ಬಂದರು. ಅದೇ ಕೊನೆ. ಆಮೇಲೆ ಈ ರಾಜ್ಯದ ಮತದಾರ ಯಾವ ಆಡಳಿತ ಪಕ್ಷಕ್ಕೂ ಎರಡನೇ ಸಲ ಬಹುಮತ ಕೊಟ್ಟಿಲ್ಲ. 1989ರಲ್ಲಿ ಕಾಂಗ್ರೆಸ್ 178 ಸೀಟು ಬಾಚಿಕೊಂಡಿತು. ಮುಂದಿನ ಚುನಾವಣೆಯಲ್ಲಿ ಮೂರನೇ ಸ್ಥಾನಕ್ಕೆ ಬಿತ್ತು. ಕೆಲಸ ಮಾಡಿದವರೂ ಸೋತರು, ಮಾಡದವರೂ ಸೋತರು.

ಹೀಗಿರುವಾಗ ವಿರೋಧ ಪಕ್ಷಕ್ಕೆ ಚುನಾವಣಾ ತಂತ್ರ ಯಾಕೆ ಬೇಕು ಹೇಳಿ? ಗೋಡೆ ಮೇಲೊಂದು ಕ್ಯಾಲೆಂಡರ್ ಇದ್ದರೆ ಸಾಕು. 2028 ತಾನಾಗೇ ಬರುತ್ತೆ.

ಬಿಜೆಪಿಯ ರಾಜ್ಯ ಘಟಕ ಇದನ್ನು ಚೆನ್ನಾಗಿ ಅರಗಿಸಿಕೊಂಡಿದೆ. 2023ರ ಮೇ 13ರಂದು ಫಲಿತಾಂಶ ಬಂತು. 224ರಲ್ಲಿ 66. ಸೋತ ಪಕ್ಷಕ್ಕೆ ಉಳಿದಿದ್ದ ಒಂದೇ ಒಂದು ತುರ್ತು ಕೆಲಸ ಅಂದರೆ ವಿರೋಧ ಪಕ್ಷದ ನಾಯಕನನ್ನು ಆರಿಸುವುದು. ಆರ್. ಅಶೋಕ ಆ ಸ್ಥಾನಕ್ಕೆ ಬಂದಿದ್ದು ನವೆಂಬರ್ 17ರಂದು. ಅಷ್ಟರಲ್ಲಿ ಸಿದ್ದರಾಮಯ್ಯನವರ ಬಜೆಟ್ ಬಂದು ಪಾಸೂ ಆಗಿತ್ತು. ಆ ಅಧಿವೇಶನದಲ್ಲಿ ಪೀಠದ ಕಡೆ ಕಾಗದ ಹರಿದು ಎಸೆದು ಬಿಜೆಪಿಯ 10 ಶಾಸಕರು ಅಮಾನತಾದರು. ನಾಯಕ ಇಲ್ಲದಿದ್ದರೂ ಕಾಗದ ಎಸೆಯೋಕೆ ತೊಂದರೆ ಏನೂ ಆಗಲಿಲ್ಲ.

ಸರದಿ ಬರುವತನಕ ಹೊತ್ತು ಹೋಗಬೇಕಲ್ಲ. ಅದಕ್ಕೆ ಎರಡು ದಾರಿ. ಒಂದು ಮಲಗುವುದು, ಇನ್ನೊಂದು ನಡೆಯುವುದು.

ಮಲಗುವುದಕ್ಕೆ ಅಹೋರಾತ್ರಿ ಧರಣಿ ಅನ್ನುತ್ತಾರೆ. ವಿಧಾನಸೌಧದೊಳಗೆ ಹಾಸಿಗೆ ತರಿಸಿ ಮಲಗಿದರೆ ಟಿವಿಯವರು ರಾತ್ರಿಯೇ ಬರುತ್ತಾರೆ. 2019ರ ಜುಲೈನಲ್ಲಿ ಬಿಜೆಪಿ ಮಲಗಿತು. 2022ರ ಫೆಬ್ರವರಿಯಲ್ಲಿ ಕಾಂಗ್ರೆಸ್ ಮಲಗಿತು. 2024ರ ಜುಲೈನಲ್ಲಿ ಮತ್ತೆ ಬಿಜೆಪಿ, ಈ ಸಲ ಜೆಡಿಎಸ್ ಜೊತೆ. ಪಕ್ಷ ಬದಲಾಗುತ್ತೆ, ದಿಂಬು ಅದೇ.

ನಡೆಯುವುದರಲ್ಲಿ ಸ್ವಲ್ಪ ಜಾಸ್ತಿ ಕಷ್ಟ ಇದೆ. 2024ರ ಆಗಸ್ಟ್‌ನಲ್ಲಿ ಮುಡಾ (ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ) ನಿವೇಶನ ಹಗರಣ ಹಿಡಿದುಕೊಂಡು ಬೆಂಗಳೂರಿನಿಂದ ಮೈಸೂರಿಗೆ ಪಾದಯಾತ್ರೆ ಅಂತ ತೀರ್ಮಾನವಾಯಿತು. ಹೊರಡೋಕೆ ಮೂರ್ನಾಲ್ಕು ದಿನ ಇದ್ದಾಗ ಕುಮಾರಸ್ವಾಮಿಯವರು ಬರಲ್ಲ ಅಂದರು. ನಮ್ಮ ಕುಟುಂಬದ ಎದುರಾಳಿ, ಬಿಜೆಪಿಯ ಹಾಸನದ ಪ್ರೀತಂ ಗೌಡ ಇರುವ ಕಡೆ ನಾನ್ಯಾಕೆ ಬರಲಿ ಅನ್ನೋದು ಅವರ ಮುನಿಸು. ದೆಹಲಿಯಲ್ಲಿ ಕೂತು ಮಾತಾಡಿದ ಮೇಲೆ ಬಂದರು. ಮುಖ್ಯಮಂತ್ರಿಯ ರಾಜೀನಾಮೆ ಕೇಳಲು ಹೊರಟವರು ಮೊದಲು ತಮ್ಮವರನ್ನೇ ಕೇಳಿಕೊಳ್ಳಬೇಕಾಯಿತು.

ಆಡಳಿತ ಪಕ್ಷ ಇನ್ನೂ ಒಂದು ಹೆಜ್ಜೆ ಮುಂದೆ. ಅದೇ ದಾರಿಯಲ್ಲಿ, ಅದೇ ಊರುಗಳಲ್ಲಿ ಜನಾಂದೋಲನ ಅಂತ ಸಭೆ ಮಾಡಿ ವಿರೋಧ ಪಕ್ಷವನ್ನೇ ಪ್ರಶ್ನೆ ಕೇಳಿತು. ಸರ್ಕಾರ ವಿರೋಧ ಪಕ್ಷದ ವಿರುದ್ಧ ಪ್ರತಿಭಟನೆ ಮಾಡುವ ಭಾಗ್ಯ ಎಲ್ಲ ರಾಜ್ಯಕ್ಕೂ ಸಿಗಲ್ಲ ಬಿಡಿ. ಬಿಡದಿ, ರಾಮನಗರ, ಮದ್ದೂರಿನ ಶಾಮಿಯಾನದವರಿಗೆ ಆ ವಾರ ಯುಗಾದಿ ಮತ್ತೆ ಬಂದಂತಾಯಿತು.

ಇದಕ್ಕಿಂತ ಒಳ್ಳೆ ಮುಹೂರ್ತ ಸಿಕ್ಕಿದ್ದು ಮುಂದಿನ ವರ್ಷ. ನಂದಿನಿ ಹಾಲಿಗೆ ಲೀಟರಿಗೆ 4 ರೂಪಾಯಿ ಏರಿತ್ತು. ಬಸ್ ದರ ಏರಿತ್ತು. ವಿರೋಧ ಪಕ್ಷಕ್ಕೆ ಇನ್ನೇನು ಬೇಕು? ಬೆಲೆ ಏರಿಕೆ ವಿರುದ್ಧ ಜನಾಕ್ರೋಶ ಯಾತ್ರೆ ಅಂತ ಹೆಸರಿಟ್ಟು, 2025ರ ಏಪ್ರಿಲ್ 7ಕ್ಕೆ ಮೈಸೂರಿನಲ್ಲಿ ಚಾಲನೆ ಕೊಟ್ಟರು. ಅದೇ ದಿನ ಕೇಂದ್ರ ಸರ್ಕಾರ ಅಡುಗೆ ಅನಿಲದ ಸಿಲಿಂಡರಿಗೆ 50 ರೂಪಾಯಿ ಏರಿಸಿತು. ಒಂದು ದಿನ ತಡೆದಿದ್ದರೆ ಆಗ್ತಿರಲಿಲ್ವಾ? ಹಾಲು ರಾಜ್ಯದ್ದು, ಅದನ್ನು ಕಾಯಿಸುವ ಗ್ಯಾಸ್ ಕೇಂದ್ರದ್ದು. ಹಾಲಿಗೆ ಮಾತ್ರ ಆಕ್ರೋಶ, ಗ್ಯಾಸಿಗೆ ಅಂತರರಾಷ್ಟ್ರೀಯ ಮಾರುಕಟ್ಟೆ.

ಗ್ಯಾರಂಟಿ ವಿಷಯದಲ್ಲೂ ಇದೇ ಭೂಗೋಳ. ಕರ್ನಾಟಕದ ಗೃಹಿಣಿಗೆ ತಿಂಗಳಿಗೆ 2,000 ರೂಪಾಯಿ ಕೊಟ್ಟರೆ ರಾಜ್ಯ ದಿವಾಳಿ. 2025ರ ದೆಹಲಿ ಚುನಾವಣೆಯಲ್ಲಿ ಅದೇ ಬಿಜೆಪಿ ಮಹಿಳೆಯರಿಗೆ 2,500 ಅಂದಿತು, ಅದು ಮಾತ್ರ ಸಬಲೀಕರಣ. ವಿಂಧ್ಯ ಪರ್ವತ ದಾಟುತ್ತಿದ್ದಂತೆ ದಿವಾಳಿತನ ಕಡಿಮೆಯಾಗಿ, ಐನೂರು ರೂಪಾಯಿ ಮೇಲೆ ಉಳಿಯುತ್ತೆ.

ಜೆಡಿಎಸ್ ಜೊತೆಗಿನ ಮೈತ್ರಿಯ ಮಾತಿಗೆ ಬರೋಣ. 2024ರ ಲೋಕಸಭೆ ಚುನಾವಣೆಯಲ್ಲಿ ಅದು ಕೆಲಸ ಮಾಡಿತು, ಇಲ್ಲ ಅನ್ನೋಕೆ ಬರಲ್ಲ. 28ರಲ್ಲಿ 19 ಬಂತು. ಆದರೆ ಅದೇ ವರ್ಷ ನವೆಂಬರ್‌ನಲ್ಲಿ ಮೂರು ಕಡೆ ಉಪಚುನಾವಣೆ ನಡೆದು ಮೂರೂ ಹೋದವು. ಚನ್ನಪಟ್ಟಣದ್ದೇ ದೊಡ್ಡ ಪ್ರಹಸನ. ಸಿ.ಪಿ. ಯೋಗೇಶ್ವರ್ ಬಿಜೆಪಿಯಲ್ಲಿದ್ದರು. ಮೈತ್ರಿಯ ಲೆಕ್ಕದಲ್ಲಿ ಸೀಟು ಜೆಡಿಎಸ್‌ಗೆ ಹೋಯಿತು. ಅಕ್ಟೋಬರ್‌ನಲ್ಲಿ ಅವರು ಕಾಂಗ್ರೆಸ್ ಸೇರಿದರು, ನವೆಂಬರ್‌ನಲ್ಲಿ ನಿಖಿಲ್ ಕುಮಾರಸ್ವಾಮಿಯವರನ್ನು ಸೋಲಿಸಿದರು. ಗೆದ್ದವರೂ ಸೋತವರೂ ಸ್ವಲ್ಪ ದಿನದ ಹಿಂದೆ ಒಂದೇ ಕೂಟದವರು. ಆ ಲೆಕ್ಕದಲ್ಲಿ ನೋಡಿದರೆ ಚನ್ನಪಟ್ಟಣದಲ್ಲಿ ಮೈತ್ರಿಕೂಟಕ್ಕೆ ಮೊದಲೆರಡೂ ಸ್ಥಾನ ಬಂತು.

ಪಕ್ಷದೊಳಗಿನ ಶಿಸ್ತಿನ ಬಗ್ಗೆ ಎರಡು ಮಾತಿಲ್ಲ. ಈಶ್ವರಪ್ಪ 2024ರಲ್ಲಿ ಆರು ವರ್ಷಕ್ಕೆ ಉಚ್ಚಾಟನೆ. ಯತ್ನಾಳ್ 2025ರಲ್ಲಿ ಆರು ವರ್ಷಕ್ಕೆ ಉಚ್ಚಾಟನೆ. ಯತ್ನಾಳರಿಗೆ ಇದೇನು ಹೊಸದಲ್ಲ, ಹಿಂದೆಯೂ ಒಮ್ಮೆ ಹೊರಗೆ ಹಾಕಿ 2018ರ ಚುನಾವಣೆ ಹೊತ್ತಿಗೆ ಕರೆತಂದಿದ್ದರು. ಯಡಿಯೂರಪ್ಪನವರು ತಾವೇ ಕೆಜೆಪಿ ಕಟ್ಟಿ, 2013ರಲ್ಲಿ ಬಿಜೆಪಿಯನ್ನು 40ಕ್ಕೆ ಇಳಿಸಿ, ವಾಪಸ್ ಬಂದು ಮುಖ್ಯಮಂತ್ರಿಯಾದರು. ಜಗದೀಶ ಶೆಟ್ಟರ್ 2023ರಲ್ಲಿ ಕಾಂಗ್ರೆಸ್‌ಗೆ ಹೋಗಿ ಸೋತು, ಮರುವರ್ಷ ಬಿಜೆಪಿ ಸಂಸದರಾದರು. ಈ ಪಕ್ಷದಲ್ಲಿ ಆರು ವರ್ಷ ಅಂದರೆ ಮುಂದಿನ ಟಿಕೆಟ್ ಹಂಚುವವರೆಗೆ ಅಂತ ಕಾರ್ಯಕರ್ತರಿಗೂ ಗೊತ್ತು. ಹಾಗಾಗಿ ಉಚ್ಚಾಟನೆಯಾದವರ ಬಗ್ಗೆ ಯಾರೂ ಜಾಸ್ತಿ ಕೆಟ್ಟದಾಗಿ ಮಾತಾಡಲ್ಲ.

ಒಂದೇ ಒಂದು ಸಣ್ಣ ತೊಡಕಿದೆ. ಕ್ಯಾಲೆಂಡರ್ ಆಡಳಿತದವರನ್ನು ಇಳಿಸುತ್ತೆ ನಿಜ, ಕಾದು ಕೂತವರಿಗೆ ಬಹುಮತ ಕೊಡುತ್ತೆ ಅಂತೇನಿಲ್ಲ. ಬಿಜೆಪಿ ಇಲ್ಲಿ 2008ರಲ್ಲಿ 110ಕ್ಕೆ, 2018ರಲ್ಲಿ 104ಕ್ಕೆ ನಿಂತಿತು. ಬೇಕಾದ್ದು 113. ಬಾಕಿ ತುಂಬಲು ಎರಡು ಸಲವೂ ಬೇರೆ ಪಕ್ಷದ ಶಾಸಕರನ್ನು ಸೆಳೆಯುವ ಆಪರೇಷನ್ ಮಾಡಬೇಕಾಯಿತು. ಜನ ಬಹುಪಾಲು ಕೊಡುತ್ತಾರೆ, ಉಳಿದ ಚೂರು ರೆಸಾರ್ಟಿನಲ್ಲಿ ಸಿಗುತ್ತೆ.

ಸದ್ಯಕ್ಕೆ ಈ ವಿರೋಧ ಪಕ್ಷದ ನಿಜವಾದ ಸ್ಟಾರ್ ಪ್ರಚಾರಕರು ಕಾಂಗ್ರೆಸ್‌ನಲ್ಲೇ ಇದ್ದಾರೆ. 2025ರಲ್ಲಿ ಮಂತ್ರಿಯಾಗಿದ್ದ ಕೆ.ಎನ್. ರಾಜಣ್ಣ ಸೆಪ್ಟೆಂಬರ್‌ನಲ್ಲಿ ಕ್ರಾಂತಿ, ಅಂದರೆ ರಾಜಕೀಯದಲ್ಲಿ ದೊಡ್ಡ ಬದಲಾವಣೆ ಆಗುತ್ತೆ ಅಂದರು. ಆಗಸ್ಟ್‌ನಲ್ಲೇ ಅವರ ಮಂತ್ರಿಗಿರಿ ಹೋಯಿತು. ಆಮೇಲೆ ಅದು ನವೆಂಬರ್ ಕ್ರಾಂತಿಯಾಯಿತು. ಬಿಜೆಪಿ ನಾಯಕರು ಯಾತ್ರೆ, ಧರಣಿ ಎಲ್ಲ ಬದಿಗಿಟ್ಟು, ಸರ್ಕಾರ ಇವತ್ತು ಬೀಳುತ್ತೆ, ನಾಳೆ ಬೀಳುತ್ತೆ ಅಂತ ಭವಿಷ್ಯ ಹೇಳುತ್ತಾ ಕೂತರು. ನವೆಂಬರ್ ಮುಗಿಯೋಕೆ ಒಂದು ದಿನ ಇದ್ದಾಗ ಮುಖ್ಯಮಂತ್ರಿ ಕುರ್ಚಿಗೆ ಪೈಪೋಟಿಯಲ್ಲಿದ್ದ ಸಿದ್ದರಾಮಯ್ಯ, ಡಿ.ಕೆ. ಶಿವಕುಮಾರ್ ಇಬ್ಬರೂ ಒಟ್ಟಿಗೆ ಕೂತು ಇಡ್ಲಿ, ಉಪ್ಪಿಟ್ಟು ತಿಂದು ಫೋಟೋ ತೆಗೆಸಿಕೊಂಡರು. ಪಾಪ, ಅವತ್ತು ಇಬ್ಬರಲ್ಲಿ ಒಬ್ಬರು ತಟ್ಟೆ ಬಿಸಾಡಿ ಎದ್ದಿದ್ದರೆ ಬಿಜೆಪಿಗೆ ಒಂದು ಯಾತ್ರೆಯ ಖರ್ಚು ಉಳಿಯುತ್ತಿತ್ತು.